ರಾಜಿ ಹಣದ ಜತ್ತಪ್ಪ

ಅಜ್ಜಾವರದ ಜತ್ತಪ್ಪನವರ ಹೆಜ್ಜೆ ಪುತ್ತೂರಿನ ವಕೀಲರ ಕಚೇರಿಯ ಮೆಟ್ಟಿಲುಗಳಿಗೂ ಗೊತ್ತು. ಬಸ್ ಅಪಘಾತದ ಕೇಸು ಹಾಕುವಾಗ ಕಪ್ಪಗಿದ್ದ ಅವರ ಮೀಸೆ, ಲೋಕ ಅದಾಲತ್ತಿನಲ್ಲಿ ರಾಜಿಯಾಗುವ ಹೊತ್ತಿಗೆ ಹತ್ತಿಯ ಹಾಗೆ ಬೆಳ್ಳಗಾಗಿತ್ತು. ರಾಜಿಯಾದರೆ ವಾರದೊಳಗೆ ಹಣ ಎಂದು ನಂಬಿ ಹೊಸ ಪಾಸ್‌ಬುಕ್ಕಿಗೆ ಪ್ಲಾಸ್ಟಿಕ್ ಹೊದಿಸಿದರು. ಎರಡು ವರ್ಷದಲ್ಲಿ ಪ್ಲಾಸ್ಟಿಕ್ಕೇ ಹಳದಿಯಾಯಿತು. ಪ್ರತಿ ಸೋಮವಾರ ಮೊದಲ ಬಸ್ಸಿಗೆ ಬಂದು, ದೇವಸ್ಥಾನಕ್ಕೆ ಬಂದವರಂತೆ ಚಪ್ಪಲಿ ಹೊರಗೆ ಬಿಟ್ಟು, ಗುಮಾಸ್ತನ ಮೇಜಿನೆದುರು ನಿಂತು, “ಎಂತ ಆಯ್ತು ಮಾರಾಯ್ರೆ?” ಎನ್ನುತ್ತಾರೆ. ವಿಮಾ ಕಂಪೆನಿ ಕೋರ್ಟಿಗೆ ಚೆಕ್ ಕಟ್ಟಿಲ್ಲ, ಕಟ್ಟಿದ್ದು ಖಾತೆಗೆ ಏರಿಲ್ಲ, ಏರಿದ್ದಕ್ಕೆ ಸಹಿ ಬಿದ್ದಿಲ್ಲ. ಯಾವ ಉತ್ತರಕ್ಕೂ ಅವರು ಸಿಟ್ಟಾದವರಲ್ಲ. “ಸ್ವಲ್ಪ ಬೇಗ ಮಾಡಿಸಿ, ಮಗಳ ಮದುವೆ ಉಂಟು,” ಎಂದಷ್ಟೇ ಹೇಳಿ ಹೊರಡುತ್ತಾರೆ. ಕೆಳಗಿನ ಹೋಟೆಲಿನಲ್ಲೂ ಅದೇ ಮಾತು: ಕಡಬದ ಹುಡುಗ, ಒಳ್ಳೆ ಮನೆತನ, ಜಾತಕವೂ ಕೂಡಿದೆ. ಮೊನ್ನೆ, ಘಟ್ಟದ ಮೇಲಿನಿಂದ ಬಂದು ಹೊಸದಾಗಿ ಸೇರಿದ ಕಿರಿಯ ವಕೀಲೆ ಅವರ ಫೈಲು ತಿರುವುತ್ತ ಕೇಳಿದಳು, “ಹುಡುಗಿಗೆ ವಯಸ್ಸೆಷ್ಟು?” “ಇಪ್ಪತ್ತಾರು.” “ಹೆಸರು?” ಜತ್ತಪ್ಪ ಆ ಫೈಲಿನ ಮೇಲೆಯೇ ಮೆಲ್ಲನೆ ಬೆರಳಿಟ್ಟರು. ಸುಪ್ರೀತಾ, ಅಪಘಾತದಲ್ಲಿ ಮೃತಳು, ವಯಸ್ಸು ಹದಿನೇಳು ಎಂದಿತ್ತು ಅಲ್ಲಿ. “ಮದುವೆಯಾಗದೆ ತೀರಿಹೋದ ಹುಡುಗಿಗೆ ನಮ್ಮಲ್ಲಿ ಹಾಗೆಯೇ ತೀರಿಹೋದ ಹುಡುಗನನ್ನು ಹುಡುಕಿ ಮದುವೆ ಮಾಡುದು,” ಎಂದರು. “ನೀವು ಬರೆದದ್ದು ಅವತ್ತಿನ ವಯಸ್ಸು. ಒಂಬತ್ತು ವರ್ಷ ಆಯ್ತಲ್ಲ, ಅವಳು ಬೆಳೆಯದೆ ಇರ್ತಾಳಾ?”