ಹೊಂಗೆ ಮರದ ಮೇಲಿನ ಸದ್ದು

ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಆದರೆ ಇದು ನಾನೇ ಕಿವಿಯಾರೆ ಕೇಳಿದ್ದು, ಕೈಯಾರೆ ಮುಟ್ಟಿದ್ದು.

ಬೂದಿಕೋಟೆಯ ಹತ್ತಿರ ನಮ್ಮದೊಂದು ಕಡಲೆಕಾಯಿ ಹೊಲ. ಎರಡು ವರ್ಷದ ಹಿಂದೆ ನಮ್ಮತ್ತಿಗೆ ಸುಮಾ ಕಾಮಾಲೆಯಾಗಿ ತೀರಿಕೊಂಡಳು. ಮದುವೆಯಾಗಿ ಮೂರು ವರ್ಷವೂ ತುಂಬಿರಲಿಲ್ಲ. ಆಮೇಲೆ ಹೊಲ ಕಾಯುತ್ತೇನೆಂದು ಅಲ್ಲಿನ ಗುಡಿಸಲಿಗೆ ಹೋದ ಅಣ್ಣ ನಾರಾಯಣಪ್ಪ, ರಾತ್ರಿ ಮನೆಗೆ ಬರುವುದನ್ನೇ ಬಿಟ್ಟ. ಕಳಿಸಿದ ಬುತ್ತಿ ಹಾಗೇ ವಾಪಸ್ಸು ಬರುತ್ತಿತ್ತು.

ನಾನು ಕೆಜಿಎಫ್‌ನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಒಂದು ಭಾನುವಾರ ಸಂಜೆ ಹೊಲಕ್ಕೆ ಹೋದೆ.

"ಇಂಗೇ ಆದ್ರೆ ನೀನೂ ಓಗ್ಬುಡ್ತೀಯ. ಮನೇಗ್ ಬಾರಣ್ಣ."

"ನಾನಿಲ್ದಿದ್ರೆ ಅವ್ಳು ಉಡುಕ್ತಾಳೆ ಕಣ್ಲಾ."

"ಯಾರು?"

"ಸುಮ. ದಿನಾ ಬತ್ತಾಳೆ. ಬಂಡೆ ತಾವಿಂದ ಬಾವಿ ಗಂಟ... ಗೆಜ್ಜೆ ಸದ್ದು ಕೇಳುಸ್ತದೆ."

ಅವನ ಮುಖದಲ್ಲಿ ಭಯವಿರಲಿಲ್ಲ. ಸಂತೋಷವಿತ್ತು. ಅದೇ ನನ್ನನ್ನು ಹೆದರಿಸಿತು.

ಆ ರಾತ್ರಿ ಅಲ್ಲೇ ಉಳಿದೆ. ಅಮಾವಾಸ್ಯೆ ಹತ್ತಿರ, ಕಣ್ಣಿಗೆ ಕೈ ಕಾಣದಷ್ಟು ಕತ್ತಲು. ಎಷ್ಟು ಹೊತ್ತಾಗಿತ್ತೋ...

ಝಲ್... ಝಲ್... ನಿಂತಿತು. ಮತ್ತೆ ಝಲ್...

ಅಣ್ಣ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದ. "ಬಂದ್ಲು."

ಅಷ್ಟರಲ್ಲಿ ಕೆದಕಿದ ಹಸಿ ಮಣ್ಣಿನ ವಾಸನೆ, ಅದರ ಜೊತೆಗೆ ಕೊಳೆತ ಹುಲ್ಲಿನಂಥ ಘಾಟು ಮೂಗಿಗೆ ಬಡಿಯಿತು. ಕಟಕಟ ಕಾಯಿ ಕಡಿಯುವ ಸದ್ದು. ನನಗೆ ಗೊತ್ತಾಗಿಹೋಯಿತು. ಮುಳ್ಳುಹಂದಿ! ಹಗಲೆಲ್ಲ ಬಂಡೆ ಸಂದಿನ ಬಿಲದಲ್ಲಿ ಮಲಗಿ, ಕತ್ತಲಾದ ಮೇಲೆ ದಿನವೂ ಒಂದೇ ದಾರಿಯಲ್ಲಿ ಮೇಯಲು ಬರುತ್ತದೆ. ಬಾಲದ ತುದಿಯ ಪೊಳ್ಳು ಮುಳ್ಳುಗಳು ನಡೆದಂತೆಲ್ಲ ಗೆಜ್ಜೆಯ ಹಾಗೆ ಅಲುಗುತ್ತವೆ. ಗಂಡು ಹೆಣ್ಣು ಬದುಕಿರುವ ತನಕ ಜೋಡಿ ಬಿಡುವುದಿಲ್ಲವೆಂದು ನಮ್ಮ ತಾತ ಹೇಳುತ್ತಿದ್ದ.

ಟಾರ್ಚ್ ಹಾಕಿದೆ. ಜೋಡಿಯಿಲ್ಲ, ಒಂದೇ ಒಂದು ಮುಳ್ಳುಹಂದಿ ಇತ್ತು. ಮೈಮುಳ್ಳೆಲ್ಲ ನಿಮಿರಿಸಿ, ಹಿಂಗಾಲಿನಿಂದ ನೆಲ ಬಡಿಯಿತು.

"ನೋಡಣ್ಣ, ಮುಳ್ಳಂದಿ! ಇಷ್ಟ್ ದಿನ ನೀನ್ ಕೇಳಿದ್ದು ಇದ್ರ ಸದ್ದೇಯ."

ಅಣ್ಣ ಬಹಳ ಹೊತ್ತು ನೋಡಿದ.

"ಯಾಕ್ಲಾ ತೋರ್ಸ್‌ದೆ?"

ಅಷ್ಟೇ ಅಂದದ್ದು. ಗುಡಿಸಲ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಹೆಂಡತಿಯನ್ನು ಮಣ್ಣು ಮಾಡಿದ ದಿನ ಅಳದವನು ಆಗ ಅತ್ತ. ಕೇಳುತ್ತ ಕೂರಲಾರದೆ ನಾನು ಪ್ರಾಣಿಯ ಹಿಂದೆ ನಡೆದೆ. ಅದು ಬಂಡೆಯ ಬಿಲದೊಳಗೆ ನುಗ್ಗಿದ್ದನ್ನು ಕಣ್ಣಾರೆ ನೋಡಿದೆ.

ವಾಪಸ್ಸು ಬರುವಾಗ ಬಾವಿ ಪಕ್ಕದ ಹೊಂಗೆ ಮರದ ಕೆಳಗೆ ಕಾಲು ನಿಂತುಹೋಯಿತು.

ಝಲ್...

ತಲೆಯ ಮೇಲೆ.

ಟಾರ್ಚ್ ಎತ್ತಿದೆ. ಗಾಳಿಯಿಲ್ಲ, ಒಂದೆಲೆಯೂ ಅಲುಗುತ್ತಿಲ್ಲ. ಒಂದು ಕೊಂಬೆ ಮಾತ್ರ ಭಾರಕ್ಕೆ ಬಗ್ಗಿದಂತೆ ಬಗ್ಗಿ, ಮೆಲ್ಲಗೆ ಮೇಲೆದ್ದಿತು. ಸದ್ದು ಪಕ್ಕದ ಕೊಂಬೆಗೆ ಹೋಯಿತು... ಅಲ್ಲಿಂದ ಗುಡಿಸಲ ಕಡೆಯ ಕೊಂಬೆಗೆ... ಅಲ್ಲೇ ನಿಂತಿತು. ಒಳಗೆ ಅಣ್ಣ ಬಿಕ್ಕುತ್ತಲೇ ಇದ್ದ.

ಬೆಳಗ್ಗೆ ಮರ ಹತ್ತಿದೆ. ಎರಡಾಳೆತ್ತರದಲ್ಲಿ ತೊಗಟೆಯ ಮೇಲೆ ಹೊಸದಾಗಿ ಕೆರೆದ ಗುರುತಿತ್ತು. ಕವಲಿನಲ್ಲಿ ಮುಳ್ಳುಹಂದಿಯ ಒಂದು ಮುಳ್ಳು ಸಿಕ್ಕಿಕೊಂಡಿತ್ತು. ಕಿತ್ತೆ. ಪರಿಚಯದ ಅರಣ್ಯ ಕಾವಲುಗಾರರೊಬ್ಬರಿಗೆ ತೋರಿಸಿದೆ.

"ಮರ ಅತ್ತೋ ಮುಳ್ಳಂದಿ ಯಾವ್ದೋ ದೇಶದಾಗ್ ಐತಂತೆ. ರಾತ್ರಿಯೆಲ್ಲ ಕೊಂಬೆ ಮೇಲೇ ಓಡಾಡ್ತದಂತೆ. ನಮ್ ಕಡೇದು ಅತ್ತಲ್ಲ. ಯಾರೋ ಸಿಗ್ಸಿರ್ತಾರೆ ಬುಡು."

ಯಾರು? ಯಾಕೆ?

ಮರುದಿನವೇ ಅಣ್ಣ ಮನೆಗೆ ಬಂದ. ಈಗ ಕೆಲಸಕ್ಕೆ ಹೋಗುತ್ತಾನೆ, ಮೈಕೈ ತುಂಬಿಕೊಂಡಿದ್ದಾನೆ. ಆ ಮರದ ವಿಷಯ ಅವನಿಗೆ ಹೇಳಿಲ್ಲ. ಹೇಳಿದರೆ ಮತ್ತೆ ಗುಡಿಸಲಿಗೇ ಹೋಗುತ್ತಾನೆ.

ಮೊನ್ನೆ ಊಟಕ್ಕೆ ಕೂತಾಗ ಅವನೇ ಕೇಳಿದ. "ಅವತ್ತು ಬಂಡೆ ತಾವಿಂದ ಬರೋದು ತಡ ಮಾಡ್ದಲ್ಲ... ಇನ್ನೇನಾನ ಕೇಳುಸ್ತೇನ್ಲಾ?"

"ಇಲ್ಲಣ್ಣ."

ತಲೆಯಾಡಿಸಿ ಮುದ್ದೆ ಮುರಿದ. ನಾನು ಅವನ ಮುಖ ನೋಡದೆ ಸಾರು ಬಡಿಸಿಕೊಂಡೆ.