ಮುಂಗೈಯ ಮೇಲಿನ ಒಂಬತ್ತು ಇಂಚು

ನಮ್ಮ ಅಕ್ಕಾರ ಎಡ ಮುಂಗೈಯ ಮೇಲೆ, ಮಣಿಕಟ್ಟಿನಿಂದ ಮೊಣಕೈಯವರೆಗೆ, ಹಸಿರು ಹಚ್ಚೆಯ ಹತ್ತು ಗೆರೆಗಳಿದ್ದವು. ನಮ್ಮ ಕಡೆ ಆ ವಯಸ್ಸಿನ ಹೆಂಗಸರ ಕೈಮೇಲೆ ಹಚ್ಚೆ ಇರುವುದು ಹೊಸದೇನಲ್ಲ. ತಮ್ಮನ ಹೆಸರೋ, ತೊಟ್ಟಿಲೋ, ಚೇಳೋ ಏನಾದರೊಂದು ಇದ್ದೇ ಇರುತ್ತದೆ. ಇವರ ಕೈಮೇಲೆ ಇದ್ದದ್ದು ಸ್ಕೇಲು. ಗೆರೆಯಿಂದ ಗೆರೆಗೆ ಒಂದು ಇಂಚು, ಒಟ್ಟು ಒಂಬತ್ತು. ಐದನೆಯ ಗೆರೆ ಮಾತ್ರ ತುಸು ಉದ್ದ, ಎಣಿಸುವಾಗ ಕಣ್ಣು ತಪ್ಪಬಾರದೆಂದು.

ಕ್ಯಾಂಪಿನ ಮೊದಲ ದಿನವೇ ನಾವು ಹುಡುಗಿಯರೆಲ್ಲ ಅದನ್ನು ಬಾಯಿ ಬಿಟ್ಟುಕೊಂಡು ನೋಡಿದೆವು. ಅಕ್ಕಾರು ಸೆರಗು ಸರಿಸಿ ಕೈ ಚಾಚಿದರು.

"ನಾ ಐಟಿಐ ಸೇರಿದಾಗ ನಲವತ್ತು ಗಂಡಹುಡುಗರ ನಡುವ ನಾ ಒಬ್ಬಾಕಿ. ದಿನಾ ನನ್ನ ಸ್ಕೇಲ್ ಮುಚ್ಚಿಡತಿದ್ರು. ಹಚ್ಚಿ ಹಾಕಾಕಿ ಓಣಿಗೆ ಬಂದಿದ್ಲು. ಇಲ್ಲಿ ಹಾಕವಾ, ಇದನ್ನ ಹೆಂಗ ಮುಚ್ಚಿಡತಾರ ನೋಡೂಣು ಅಂದೆ."

ನಾವು ನಕ್ಕೆವು. ಅವರೂ ನಕ್ಕು, ಆಮೇಲೆ ಆ ತೋಳಿನ ಚರ್ಮವನ್ನು ಚಿವುಟಿ ಎಳೆದು ತೋರಿಸಿದರು. "ಈಗ ಚರ್ಮ ಸಡಲ ಆಗೇತಿ. ಈ ಸ್ಕೇಲ್ ಸುಳ್ಳು ಹೇಳತೈತಿ. ನಾ ಹೇಳಿದ್ದನ್ನೂ ಟೇಪ್ ಹಿಡದ ನೋಡ್ರಿ."

ಟೀಚರಮ್ಮನನ್ನು ಅಕ್ಕಾರು ಎನ್ನುವುದು ನಮ್ಮಲ್ಲಿ ರೂಢಿ. ಇವರು ಅದೇ ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿಸಿ ನಿವೃತ್ತರಾಗಿದ್ದರು. ಬೇಸಿಗೆ ರಜೆಯಲ್ಲಿ ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಹುಡುಗಿಯರಿಗೆಂದೇ ಹದಿನೈದು ದಿನದ ಕ್ಯಾಂಪ್ ನಡೆಸುತ್ತಿದ್ದರು. ಬಿಸಿಲೇರುವ ಮುಂಚೆ, ಬೆಳಗಿನ ಏಳಕ್ಕೆ ಶುರು. ಗರಗಸ, ಡ್ರಿಲ್, ಅರ, ನಟ್ಟು ಬೋಲ್ಟು ಎಲ್ಲವೂ ನಮ್ಮ ಕೈಗೇ. ಮನೆಯಲ್ಲಿ ಯಾರಿಗಾದರೂ ಇರುವ ಒಂದು ತ್ರಾಸನ್ನು ಹುಡುಕಬೇಕು, ಅದು ಕಡಿಮೆಯಾಗುವಂಥ ಒಂದು ಸಾಧನ ಮಾಡಬೇಕು, ಕೊನೆಯ ದಿನ ಎಲ್ಲರ ಮುಂದೆ ತೋರಿಸಬೇಕು. ಹಿಪ್ಪರಗಿಯ ಹುಡುಗಿಯೊಬ್ಬಳು ಕಬ್ಬಿನ ಒಣ ಸೋಗೆ, ಅಂದರೆ ರವದಿ, ಎಳೆಯಲು ಉದ್ದ ಹಿಡಿಕೆಯ ಕೊಕ್ಕೆ ಮಾಡಿದಳು. ಲೋಕಾಪುರದವಳು ಅಪ್ಪನ ಪಂಕ್ಚರ್ ಅಂಗಡಿಗೆ ಟಯರ್ ಎತ್ತುವ ಸನ್ನೆಗೋಲು ಮಾಡಿದಳು.

ನನ್ನದು ಬನಹಟ್ಟಿ. ನಮ್ಮ ಅವ್ವ ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ನಳಿಗೆಗೆ ರಾಟಿಯಿಂದ ನೂಲು ಸುತ್ತುವ ಕೆಲಸ ಅದು. ಒಂದು ಕೈ ರಾಟಿ ತಿರುಗಿಸುತ್ತದೆ, ಇನ್ನೊಂದು ಕೈ ಎಳೆ ಹಿಡಿಯುತ್ತದೆ. ಬೆಳಗಿನಿಂದ ಸಂಜೆವರೆಗೆ ನೆಲದ ಮೇಲೆ ಕೂತು ತಿರುಗಿಸಿ ತಿರುಗಿಸಿ ಅವ್ವನ ಭುಜ ಹಿಡಿದುಕೊಂಡಿತ್ತು. ತಲೆ ಬಾಚಿಕೊಳ್ಳಲು ಕೈ ಮೇಲೇರುತ್ತಿರಲಿಲ್ಲ, ಅವಳ ಜಡೆ ನಾನೇ ಹಾಕುತ್ತಿದ್ದೆ. ರಜೆಯಲ್ಲಿ ನನ್ನ ಪಾಲಿನ ಕಂಡಿಕೆ ನಾನು ಸುತ್ತಬೇಕಿತ್ತು. "ಹೋಗು, ಹದಿನೈದು ದಿವಸ ನಿಂದೂ ನಾನ ಸುತ್ತತೀನಿ" ಎಂದು ಅದನ್ನೂ ತನ್ನ ಹೆಗಲಿಗೆ ಹಾಕಿಕೊಂಡು ನನ್ನನ್ನು ಕ್ಯಾಂಪಿಗೆ ಕಳಿಸಿದ್ದಳು. ಹಾಗಾಗಿ ನಾನು ಮಾಡಿ ಒಯ್ಯುವ ವಸ್ತು ಅವಳ ಭುಜಕ್ಕೆ ಆಸರೆಯಾಗಲೇಬೇಕಿತ್ತು. ಆಗದಿದ್ದರೆ ಯಾವ ಮುಖ ಇಟ್ಟುಕೊಂಡು ಮನೆಗೆ ಹೋಗಲಿ?

ಅಕ್ಕಾರದು ಒಂದೇ ಕಟ್ಟುಪಾಡು. ಕಾಗದದ ಮೇಲೆ ಗೆರೆ ಎಳೆಯುವ ಮೊದಲು, ಆ ಕೆಲಸ ಮಾಡುವವರ ಪಕ್ಕದಲ್ಲಿ ಅರ್ಧ ದಿನ ಸುಮ್ಮನೆ ಕೂತು ನೋಡಬೇಕು. ಮಾತಾಡಬಾರದು, ಕೈ ಹಾಕಬಾರದು. ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ತರಬೇಕು.

ನನಗೆ ನಗು ಬಂತು. ಹುಟ್ಟಿದಾಗಿನಿಂದ ನೋಡುತ್ತಿರುವ ಅವ್ವನನ್ನು ಮತ್ತೇನು ನೋಡುವುದು! ಬಸ್ಸಿನಲ್ಲೇ ಕೂತು ಹಾಳೆ ತುಂಬಿಸಿದೆ. ರಾಟಿಯ ಅಳತೆಯನ್ನು ನನ್ನ ರಾಟಿಯಿಂದಲೇ ತೆಗೆದುಕೊಂಡೆ. ಅಕ್ಕಾರು ಹಾಳೆ ಓದಿದರು, ತಿರುಗಿಸಿ ನೋಡಿದರು, "ಅಕ್ಷರ ಛಲೋ ಅದಾವ" ಎಂದು ವಾಪಸು ಕೊಟ್ಟರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಹತ್ತು ದಿನ ಬೆವರು ಸುರಿಸಿ ಸೊಂಟದೆತ್ತರದ ಮೇಜು ಮಾಡಿ, ಅದರ ಮೇಲೆ ಹೊಸದೊಂದು ರಾಟಿ ಕೂರಿಸಿ, ಎಡ ಬದಿಗೆ ನೂಲು ಇಡಲು ಹಲಗೆ ಹೊಡೆದು ಮುಚ್ಚಿದೆ. ಸ್ಟೂಲಿನ ಮೇಲೆ ಕೂತರೆ ಮೊಣಕೈ ಆರಾಮಾಗಿ ತಿರುಗಬೇಕು. ಟೆಂಪೋದಲ್ಲಿ ಹಾಕಿ ಮನೆಗೆ ಒಯ್ದೆವು. ಅವ್ವ ಕುಂಕುಮ ಹಚ್ಚಿ, ಕೂತು, ಒಂದು ದಿನ ಸುತ್ತಿದಳು. ಮೇಲಿಂದ ಮೇಲೆ ಎಳೆ ಹರಿಯುತ್ತಿತ್ತು. ಮರುದಿನ ನೋಡಿದರೆ ಮತ್ತೆ ನೆಲದ ಮೇಲೆ, ಹಳೆಯ ರಾಟಿಯ ಮುಂದೆ. ನನ್ನ ಮೇಜಿನ ಮೇಲೆ ಮಡಚಿದ ಕೌದಿ ಏರಿ ಕೂತಿತ್ತು.

"ಯಾಕಬೇ ಯವ್ವಾ?"

"ಛಲೋ ಐತಿ ಬಿಡ. ನನಗ ರೂಢಿ ಇಲ್ಲ, ಅಷ್ಟ."

ಪ್ರದರ್ಶನಕ್ಕೆ ಮೂರು ದಿನ ಉಳಿದಿತ್ತು. ಅಕ್ಕಾರ ಮುಂದೆ ಅತ್ತುಬಿಟ್ಟೆ. ಅವ್ವನ ಮೇಲೆ ಸಿಟ್ಟೂ ಬಂದಿತ್ತು, ಅದನ್ನೂ ಹೇಳಿದೆ. ಅವರು ಅಂದೇ ಮಧ್ಯಾಹ್ನ ನನ್ನ ಜೊತೆ ಬನಹಟ್ಟಿಯ ಬಸ್ಸು ಹತ್ತಿದರು.

ಮನೆಗೆ ಬಂದವರು ನನ್ನ ಮೇಜಿನತ್ತ ತಿರುಗಿಯೂ ನೋಡಲಿಲ್ಲ. "ನೀ ನಿನ್ನ ಕೆಲಸ ಮಾಡ ತಂಗೆವ್ವಾ" ಎಂದು ಅವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅರ್ಧ ತಾಸು ಕಳೆಯಿತು. ಹೊರಗೆ ಪವರ್‌ಲೂಮಿನ ಸದ್ದು, ಒಳಗೆ ರಾಟಿಯ ಸದ್ದು. ಅಕ್ಕಾರ ಕಣ್ಣು ಅವ್ವನ ಕೈಯಿಂದ ಕದಲಲಿಲ್ಲ. ಅಷ್ಟು ಹೊತ್ತು, ಅಷ್ಟು ಮರ್ಯಾದೆಯಿಂದ ನನ್ನ ಅವ್ವನ ಕೆಲಸವನ್ನು ಯಾರೂ ನೋಡಿದ್ದು ನನಗೆ ನೆನಪಿಲ್ಲ. ದೊಡ್ಡ ಯಂತ್ರಗಳನ್ನು ಬಿಚ್ಚಿ ಜೋಡಿಸಿದ ಹೆಂಗಸು ನಮ್ಮ ಮನೆಯ ನೆಲದ ಮೇಲೆ ಶಾಲೆಯ ಮಗುವಿನಂತೆ ಕೂತಿದ್ದರು.

"ತಂಗೆವ್ವಾ, ನೀ ಎಡಚಿ ಏನ?"

ರಾಟಿ ನಿಂತಿತು. ಅವ್ವ ಎಡಗೈಯನ್ನು ಥಟ್ಟನೆ ಸೆರಗಿನೊಳಗೆ ಎಳೆದುಕೊಂಡಳು. "ಇಲ್ಲರೀ ಅಕ್ಕಾರ, ಉಣ್ಣೂದೆಲ್ಲಾ ಬಲಗೈಲೇನರಿ."

"ಉಣ್ಣೂದು ನಾ ಕೇಳಲಿಲ್ಲ."

ಸಣ್ಣವಳಿದ್ದಾಗ ಉಣ್ಣಲು ಕೂತರೆ ಅವಳ ಅಜ್ಜಿ ಎಡಗೈಯನ್ನು ಅರಿವೆಯಿಂದ ಬೆನ್ನಿಗೆ ಕಟ್ಟುತ್ತಿದ್ದಳಂತೆ. "ಉಣ್ಣಾಕ ಬಲಗೈ ಕಲಿಸಿದ್ರರಿ. ದುಡಿಯಾಕ ಯಾರೂ ಕಲಿಸಲಿಲ್ಲ. ಅದಕ್ಕ ಇದು ಹಿಂಗ ಉಳೀತು" ಎಂದಳು. ತಪ್ಪು ಮಾಡಿ ಸಿಕ್ಕಿಬಿದ್ದವರ ದನಿ ಅದು.

ನಾನು ಅವಳ ರಾಟಿಯತ್ತ ತಿರುಗಿ ನೋಡಿದೆ. ಅವ್ವನ ರಾಟಿ ಗೋಡೆಯ ಪಕ್ಕ, ನನ್ನದಕ್ಕೆ ಎದುರು ಮುಖವಾಗಿ ಇತ್ತು. ಹಿಡಿಕೆ ಎಡಗೈ ಬದಿಗೆ. ಅದು ಕಿಟಕಿಯ ಬೆಳಕಿಗಾಗಿ ಎಂದು ತಿಳಿದಿದ್ದೆ. ದಿನಾ ಅವಳ ಎಡಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದವಳು ನಾನೇ. ಎಡಭುಜವೇ ಯಾಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಾನು ಮಾಡಿದ ಮೇಜಿನ ಮೇಲೆ ಹಿಡಿಕೆ ಬಲಗೈಯವರಿಗೆ, ಎಡ ಬದಿ ಹಲಗೆಯಿಂದ ಮುಚ್ಚಿಹೋಗಿದೆ. ಪಾಪ, ಮಗಳು ಮಾಡಿದ್ದೆಂದು ಒಂದು ದಿನವಿಡೀ ಬಾರದ ಕೈಯಿಂದ ತಿರುಗಿಸಿದ್ದಳು.

"ಪಾನಾ ತಾ" ಎಂದರು ಅಕ್ಕಾರು.

ಹಲಗೆ ಕಿತ್ತು ಬಲ ಬದಿಗೆ ಹೊಡೆದೆ. ಪಾನಾದಿಂದ ನಟ್ಟು ಸಡಿಲಿಸಿ, ಅಚ್ಚು ಬಿಚ್ಚಿ, ಹಿಡಿಕೆಯನ್ನು ಎಡ ಬದಿಗೆ ತಿರುಗಿಸಿ ಬಿಗಿದೆ. ಅಕ್ಕಾರು ತಮ್ಮ ಹಚ್ಚೆಯ ಕೈಯನ್ನು ಅವ್ವನ ಕೈಗೆ ತಾಗಿಸಿ ಅಳೆದು, "ಹಿಡಿಕಿ ಒಂದೂವರಿ ಇಂಚು ಗಿಡ್ಡ ಆಗಬೇಕು" ಎಂದರು. ನಾನು ಟೇಪು ಹಿಡಿದು ನೋಡಿ, "ಒಂದೂಕಾಲು ರಿ" ಎಂದೆ. ಅವರ ಮುಖ ಅರಳಿತು. "ಹಂಗ! ಈಗ ನೋಡಾಕ ಕಲತಿ."

ಅವ್ವ ಸ್ಟೂಲಿನ ಮೇಲೆ ಕೂತು ಎಡಗೈಯಿಂದ ತಿರುಗಿಸಿದಳು. ಎಳೆ ಹರಿಯಲಿಲ್ಲ. ಒಂದು ಕಂಡಿಕೆ, ಎರಡು, ಐದು. ಆಮೇಲೆ ನಾವಿಬ್ಬರೂ ಅಲ್ಲಿದ್ದದ್ದೇ ಅವಳಿಗೆ ಮರೆತುಹೋಯಿತು.

ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಹೋದಾಗ ತಪ್ಪೊಪ್ಪಿಕೊಂಡೆ. "ಆ ಹಾಳಿ ನಾ ನೋಡದ ಬರದಿದ್ನಿರಿ ಅಕ್ಕಾರ."

"ಗೊತ್ತಿತ್ತು. ಖರೇ ನೋಡಿದವರ ಹಾಳ್ಯಾಗ ಕಾಟು ಹೊಡದದ್ದ ಇರತೈತಿ. ನಿಂದು ಭಾಳ ಸ್ವಚ್ಛ ಇತ್ತು."

"ಮತ್ತ ಅವತ್ತ ಯಾಕ ಬೈಲಿಲ್ಲರಿ?"

"ಬೈದಿದ್ರ ನನಗ ಅಂಜಿ ನೋಡತಿದ್ದಿ" ಎಂದು ಬಸ್ಸು ಹತ್ತಿದರು.

ಅವ್ವ ಆ ರಾಟಿಯ ಮೇಲೆ ವರ್ಷಗಟ್ಟಲೆ ಸುತ್ತಿದಳು. ಭುಜ ಪೂರ್ತಿ ವಾಸಿಯಾಯಿತು ಎಂದರೆ ಸುಳ್ಳಾಗುತ್ತದೆ, ಆದರೆ ತನ್ನ ಜಡೆ ತಾನೇ ಹಾಕಿಕೊಳ್ಳುವಷ್ಟು ಕೈ ಮೇಲೇರಿತು. ನಾನು ಈಗ ಕೃಷಿ ಯಂತ್ರಗಳ ಹಿಡಿಕೆ, ಸೀಟು, ಪೆಡಲುಗಳ ನಕ್ಷೆ ತೆಗೆಯುವ ಕೆಲಸದಲ್ಲಿದ್ದೇನೆ. ಯಾವ ಊರಿಗೆ ಹೋದರೂ ಮೊದಲು ಅರ್ಧ ದಿನ ಬದುವಿನ ಮೇಲೆ ಸುಮ್ಮನೆ ಕೂರುತ್ತೇನೆ. ಜೊತೆಯವರು ನನ್ನನ್ನು ಸೋಮಾರಿ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ. ನನ್ನ ಹಾಳೆಗಳಲ್ಲಿ ಈಗ ಕಾಟು ಬಹಳ.

ಕೊನೆಯ ಸಲ ಭೇಟಿಯಾದಾಗ ಅಕ್ಕಾರು ಹಾಸಿಗೆಯ ಮೇಲಿದ್ದರು. ತೋಳು ಕಡ್ಡಿಯಾಗಿತ್ತು. "ಟೇಪ್ ತಂದೀಯೇನ? ಹಿಡಿ, ಎಷ್ಟು ಸುಳ್ಳಾಗೇತಿ ನೋಡೂಣು." ಹಿಡಿದೆ. ಒಂಬತ್ತು ಇಂಚು ಎಂಟೂವರೆಯಾಗಿತ್ತು. "ಅರ್ಧಾ ಇಂಚು ನುಂಗಿ ಕುಂತೇನಿ" ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಅವರು ಹೋದ ಸುದ್ದಿ ಬಂದ ದಿನ ಅವ್ವನೂ ನಾನೂ ಜಮಖಂಡಿಗೆ ಹೋದೆವು. ಪದ್ಧತಿಯಂತೆ ಅವರನ್ನು ಕೂರಿಸಿ, ವಿಭೂತಿ ಹಚ್ಚಿದ್ದರು. ಮುಂಗೈಯ ವಿಭೂತಿಯ ನಡುವೆ ಆ ಹಸಿರು ಗೆರೆಗಳು ಇನ್ನೂ ಕಾಣುತ್ತಿದ್ದವು. ಜಮಖಂಡಿ, ಮುಧೋಳ, ಬೀಳಗಿಯಿಂದ ಬಂದ ಹೆಂಗಸರ ಸಾಲಿನಲ್ಲಿ ನಿಂತು ಅವ್ವ ಮುಂದೆ ಬಂದಳು, ಹೂವು ಹಿಡಿದ ಎಡಗೈ ಚಾಚಿದಳು.

ಪಕ್ಕದ ಹಿರಿಯ ಹೆಂಗಸೊಬ್ಬಳು ಅವಳ ತೋಳು ಹಿಡಿದಳು. "ಎಡಗೈಲೆ ಏರಸ್ತಾರೇನಬೇ? ಬಲಗೈಲೆ ಹಾಕು."

ಅವ್ವ ಕೈ ಹಿಂದೆ ತೆಗೆದುಕೊಳ್ಳಲಿಲ್ಲ. "ಇರಲಿ ಬಿಡ್ರಿ. ಅವರಿಗೆ ನನ್ನ ಕೈ ಗೊತ್ತೈತಿ" ಎಂದು ಹೂವು ಏರಿಸಿದಳು.