ಎಂಬತ್ತು ನಿಮಿಷಕ್ಕೆ ಹಿಡಿಯದ ಹಾಡು

ಮೊನ್ನೆ ತಾಳಗುಂದದ ಕಡೆ ಹೋಗಿದ್ದಾಗ ಒಂದು ಮೆಕ್ಕೆಜೋಳದ ಹೊಲದಲ್ಲಿ ಹಳೆಯ ಸೀಡಿಗಳನ್ನು ದಾರಕ್ಕೆ ಕಟ್ಟಿ ತೂಗಾಡಲು ಬಿಟ್ಟಿದ್ದರು. ಗಿಳಿ ಓಡಿಸುವುದಕ್ಕಂತೆ. ಗಿಳಿಗಳು ಹೆದರಿದವೋ ಇಲ್ಲವೋ, ನನ್ನ ಎದೆಯಂತೂ ಧಸಕ್ಕೆಂದಿತು. ನಮ್ಮ ಮನೆಯ ಸೀಡಿ ಎಲ್ಲಿದೆ?

ಅದರಲ್ಲಿರುವುದು ಗಂಗತ್ತೆ, ಸೊರಬದ ಕಡೆಯ ನನ್ನ ಸೋದರತ್ತೆ. ಮದುವೆಮನೆಗೆ ಅವಳು ಬಂದಳೆಂದರೆ ಸೋಬಾನೆ ಹಾಡಿಗೆ ಬೇರೆ ಯಾರೂ ಬಾಯಿ ತೆರೆಯಬೇಕಿರಲಿಲ್ಲ. ತೆರೆದರೂ ಅವಳು ಬಿಡುತ್ತಿರಲಿಲ್ಲ. ನನ್ನ ಮದುವೆಯಲ್ಲಿ ಅವಳು ಹಾಡಿದ್ದನ್ನು ಯಾರೋ ಪುಣ್ಯಾತ್ಮರು ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಎರಡೂ ಬದಿಗೆ ತುಂಬಿಸಿಟ್ಟಿದ್ದರು. ವರ್ಷಗಳು ಕಳೆದು ಅತ್ತೆಗೆ ಉಬ್ಬಸ ಹತ್ತಿತು, ಕ್ಯಾಸೆಟ್ಟೂ ಎಳೆದೆಳೆದು ಹಾಡತೊಡಗಿತು. ಎರಡೂ ಕಡೆ ಹಾಡು ಉಳಿಯುವುದಿಲ್ಲವೆಂಬ ದಿಗಿಲು ಹತ್ತಿ, ಅದನ್ನು ಸೀಡಿಗೆ ಇಳಿಸಿಕೊಳ್ಳಲು ಅತ್ತೆಯನ್ನೂ ಹೊರಡಿಸಿಕೊಂಡು ಶಿರಾಳಕೊಪ್ಪದ ಕಂಪ್ಯೂಟರ್ ಅಂಗಡಿಗೆ ಹೋದೆ.

"ಎಂಬತ್ತು ನಿಮಿಷ ಅಷ್ಟೇ ರೀ ಹಿಡಿಯೋದು. ಹತ್ತು ನಿಮಿಷ ತೆಗೀಬೇಕು, ಇಲ್ಲಾಂದ್ರೆ ಎರಡು ಸೀಡಿ ಮಾಡಿಸ್ರಿ," ಅಂದ ಅಂಗಡಿಯವನು.

"ಒಂದು ಮದುವೆ ಹಾಡನ್ನ ಎರಡು ಪಾಲು ಮಾಡ್ತಾರೇನೋ? ಇದೇನು ದಾಯಾದಿಗಳ ಗದ್ದೆಯಾ?" ಅತ್ತೆ ಗದರಿದಳು. ಅರ್ಧ ಸೋಬಾನೆಗೆ ಎದ್ದು ಬರುವುದು ಅಪಶಕುನವೆಂದು ಅವಳ ಲೆಕ್ಕ. ಆ ಲೆಕ್ಕ ಕಂಪ್ಯೂಟರಿಗೆ ಎಲ್ಲಿ ತಿಳಿಯಬೇಕು!

ಹಾಡುಗಳ ನಡುವಿನ ಹರಟೆ, ಕೆಮ್ಮು ತೆಗೆದರೆ ಸಾಕಲ್ಲ ಎಂದೆ ನಾನು, ಮಹಾ ಜಾಣೆಯಂತೆ.

"ಅದನ್ನ ಮುಟ್ಟಬೇಡ ಮಾರಾಯ್ತಿ. ಅಲ್ಲಿ ನಮ್ಮಕ್ಕ ನಗ್ತಾಳೆ," ಅಂದಳು ಅತ್ತೆ.

ಆ ಅಕ್ಕ ತೀರಿಕೊಂಡು ಆಗಲೇ ಎಷ್ಟೋ ಕಾಲವಾಗಿತ್ತು. ಕೊನೆಗೆ ಅತ್ತೆಯೇ ಎರಡು ಹಾಡು ತೆಗೆಸಿದಳು. ಹಸೆಗೆ ಕರೆಯುವುದೊಂದು, ಬೀಗರನ್ನು ಗೇಲಿ ಮಾಡುವುದೊಂದು.

ಬಸ್ಸಿನಲ್ಲಿ ಮಂಕಾಗಿ ಕೂತಿದ್ದವಳು ಮನೆ ಮುಟ್ಟಿದ್ದೇ ತಡ, ನನ್ನನ್ನೂ ನನ್ನ ನಾದಿನಿಯನ್ನೂ ಒಲೆಯ ಮುಂದೆ ಕೂರಿಸಿಕೊಂಡಳು. "ಅದ್ರಲ್ಲಿ ಇಲ್ಲದ್ದು ನಿಮ್ಮ ಬಾಯಲ್ಲಾದ್ರೂ ಇರ್ಲಿ. ಹೇಳ್ರೇ!" ಉಬ್ಬಸದ ನಡುವೆಯೇ ಒಂದೊಂದು ಸಾಲಾಗಿ ಹೇಳಿಕೊಟ್ಟಳು. ನನ್ನ ಕಂಠಕ್ಕೆ ಕೊಟ್ಟಿಗೆಯ ಎಮ್ಮೆ ಕೂಡ ತಿರುಗಿ ನೋಡಿತು.

ಈಗ ತಮಾಷೆ ನೋಡಿ. ಅತ್ತೆ ಇಲ್ಲ. ಆದರೆ ನಮ್ಮ ಬಳಗದ ಯಾವ ಮದುವೆಗೆ ಹೋದರೂ ಆ ಎರಡು ಹಾಡು ಹೆಂಗಸರೆಲ್ಲರ ಬಾಯಲ್ಲಿವೆ. ಉಳಿದವನ್ನು ಮಾತ್ರ "ಸೀಡೀಲಿದ್ಯಲ್ಲ" ಎನ್ನುತ್ತಾ ಯಾರೂ ಕಲಿಯಲಿಲ್ಲ. ಉಳಿಸಿದೆವೆಂದುಕೊಂಡದ್ದೇ ಕೈಬಿಟ್ಟು ಹೋಗುತ್ತಿದೆಯಲ್ಲ ಎಂದು ಆ ಹೊಲದ ಬದುವಿನಲ್ಲಿ ನಿಂತು ನಿಜಕ್ಕೂ ಸಂಕಟವಾಯಿತು.

ಮನೆಗೆ ಬಂದವಳೇ ಬೀರು ಜಾಲಾಡಿದೆ. ಸೀಡಿ ಸಿಕ್ಕಿತು. ಹಳೆಯ ಪ್ಲೇಯರ್ ಒಂದಿಷ್ಟು ಮುನಿಸಿಕೊಂಡು ಆಮೇಲೆ ಒಲಿಯಿತು. ಮುಂದಿನ ತಿಂಗಳು ಮದುವೆಯಾಗಲಿರುವ ಮಗಳು, "ಫೋನಿಗೆ ಹಾಕ್ಕೊಳ್ಳೋಣ ಬಿಡಮ್ಮ, ಎಷ್ಟು ಬೇಕಾದ್ರೂ ಹಿಡಿಯುತ್ತೆ," ಅಂದಳು.

"ಹಾಕ್ಕೊಳ್ಳೋಣ. ಮೊದ್ಲು ಇಲ್ಲಿ ಕೂತ್ಕೋ," ಎಂದೆ.

ಅರಿಶಿನ ಹಚ್ಚುವ ಹಾಡು. ಅತ್ತೆ ಒಂದು ಸಾಲು ಹಾಡುವಳು, ನಾನು ಸೀಡಿ ನಿಲ್ಲಿಸುವೆ, ಇಬ್ಬರೂ ಹೇಳುವೆವು. ಸಂಜೆಯ ಹೊತ್ತಿಗೆ ಪ್ಲೇಯರ್ ಆರಿಸಿ ನಾವೇ ಹಾಡಿದೆವು. ಎರಡನೆಯ ನುಡಿಯಲ್ಲಿ ನಾನು ತಪ್ಪಿದೆ. ಮಗಳು ನನ್ನನ್ನು ನಿಲ್ಲಿಸಿದಳು, ತಿದ್ದಿದಳು, ಮತ್ತೆ ಮೊದಲಿನಿಂದ ತಾನೇ ಎತ್ತಿಕೊಂಡಳು.